ಭಯ ಇರೋದು ಮನೆಯಲ್ಲಿ, ಚಿಕಿತ್ಸೆ ಮಾತ್ರ ಬೆಂಗಳೂರಲ್ಲಿ

ಮಾನ್ಯ ಸಂಪಾದಕರೇ,

ಮಾನಸಿಕ ಕಾಯಿಲೆಗಳ ಚಿಕಿತ್ಸೆಗೆ ಮೆದುಳು ವಿಜ್ಞಾನ ಹೇಗೆ ನೆರವಾಗುತ್ತಿದೆ ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬರಹದ ಬಗ್ಗೆ ನನ್ನ ತಕರಾರು ಜಾಸ್ತಿ ಇಲ್ಲ. ತಕರಾರು ಇರೋದು ಅದರ ಮೇಲೆ ಅರ್ಧ ಪುಟ ಹಾಕಿದ್ದ ಚಿತ್ರದ ಬಗ್ಗೆ. ಕೆಂಪು, ಹಳದಿ, ನೀಲಿ ಬಣ್ಣ ತುಂಬಿದ ಮೆದುಳು. ಲೇಖನ ಓದದವರೂ ಅದನ್ನು ನೋಡಿರುತ್ತಾರೆ. ನೋಡಿದವರಿಗೆ ಏನನ್ನಿಸುತ್ತೆ ಹೇಳಿ? ಮಷಿನ್ ಒಳಗೆ ತಲೆ ಇಟ್ಟರೆ ಸಾಕು, ಕಾಯಿಲೆ ಎಲ್ಲಿ ಕೂತಿದೆ ಅಂತ ಗೊತ್ತಾಗುತ್ತೆ, ಡಾಕ್ಟರು ಅಲ್ಲಿಗೇ ಔಷಧ ಕೊಡುತ್ತಾರೆ ಅಂತ. ಹಾಗಿಲ್ಲ. ಖಿನ್ನತೆಯಾಗಲಿ, ಗಾಬರಿ ಕಾಯಿಲೆಯಾಗಲಿ, ಗೀಳು ಕಾಯಿಲೆಯಾಗಲಿ, ಇವತ್ತಿಗೂ ಗುರುತಿಸೋದು ರೋಗಿಯ ಜೊತೆ, ಮನೆಯವರ ಜೊತೆ ಕೂತು ಮಾತಾಡಿಯೇ. ಸ್ಕ್ಯಾನ್ ಮಾಡಿಸಿ ಅಂದರೆ ಅದು ಗಡ್ಡೆ, ರಕ್ತಸ್ರಾವ ಅಂಥದ್ದೇನೂ ಇಲ್ಲ ತಾನೇ ಅಂತ ಖಾತ್ರಿ ಮಾಡಿಕೊಳ್ಳೋಕೆ.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಡಾಕ್ಟರಲ್ಲ. ಆದರೆ ಗೀಳು ಕಾಯಿಲೆ, ಈಗ ಎಲ್ಲರೂ ಒಸಿಡಿ ಅನ್ನೋದು, ನಮ್ಮ ಮನೆಯಲ್ಲೇ ಇದೆ. ಹಾಗಾಗಿ ಈ ವಿಷಯವನ್ನು ಹಠ ಹಿಡಿದು ಓದಿದ್ದೇನೆ. ಓದಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಮಾತಿನ ಚಿಕಿತ್ಸೆಗೆ ಮೆದುಳು ವಿಜ್ಞಾನದಿಂದ ಸಿಕ್ಕ ದೊಡ್ಡ ಲಾಭ ಬಣ್ಣದ ಚಿತ್ರಗಳಿಂದ ಬಂದಿಲ್ಲ. ಇಲಿಗಳ ಪೆಟ್ಟಿಗೆಯಿಂದ ಬಂದಿದೆ. ಆ ಇಲಿಗಳು ಕಲಿಸಿದ ಪಾಠವನ್ನು ನಮ್ಮ ಆರೋಗ್ಯ ಇಲಾಖೆ ಗಂಭೀರವಾಗಿ ತಗೊಂಡರೆ ಮೊದಲು ದುಡ್ಡು ಇಡಬೇಕಾದ್ದು ತಾಲ್ಲೂಕು ಆಸ್ಪತ್ರೆಯಿಂದ ರೋಗಿಯ ಮನೆಗೆ ಹೋಗಿಬರುವ ಥೆರಪಿಸ್ಟ್‌ಗೆ. ಅವರ ಬಸ್ ಚಾರ್ಜಿಗೆ ಅಂದರೂ ನಡೆಯುತ್ತೆ.

ವಿವರಿಸುತ್ತೇನೆ.

ನಮ್ಮ ಅತ್ತಿಗೆಗೆ ಮೈಲಿಗೆಯ ಗೀಳು. ಮಲೆನಾಡಿನ ಹಳೇ ಮನೆ. ಮಡಿ ಇರುವ ಮನೆಗಳಲ್ಲಿ ಈ ಕಾಯಿಲೆ ಎಷ್ಟು ವರ್ಷ ಬೇಕಾದರೂ ಬಚ್ಚಿಟ್ಟುಕೊಂಡು ಇರಬಹುದು. ಒಬ್ಬರು ದಿನಕ್ಕೆ ನಾಲ್ಕು ಸಲ ಸ್ನಾನ ಮಾಡಿದರೆ ಊರವರು ಎಂಥ ನೇಮದ ಹೆಂಗಸು ಅಂತ ಹೊಗಳುತ್ತಾರೆಯೇ ಹೊರತು ಆಸ್ಪತ್ರೆಗೆ ಕರ್ಕೊಂಡು ಹೋಗಿ ಅನ್ನೋದಿಲ್ಲ. ಮಡಿಗೂ ಗೀಳಿಗೂ ವ್ಯತ್ಯಾಸ ಇದೆ. ಮಡಿಗೆ ಒಂದು ಕೊನೆ ಇರುತ್ತೆ, ಸ್ನಾನ ಆಯಿತು, ಬಟ್ಟೆ ಉಟ್ಟಾಯಿತು, ಮುಗಿಯಿತು. ಗೀಳಿಗೆ ಆ ಕೊನೆ ಸಿಗೋದೇ ಇಲ್ಲ. ಅತ್ತಿಗೆ ಕೈ ತೊಳೆದು ತೊಳೆದು ಚರ್ಮ ಬಿರಿದು ರಕ್ತ ಬರುತ್ತಿತ್ತು. ಬಚ್ಚಲಿಗೆ ಹೋದರೆ ಒಲೆ ಮೇಲಿನ ಹಂಡೆ ನೀರು ಮುಗಿದರೂ ಹೊರಗೆ ಬರುತ್ತಿರಲಿಲ್ಲ. ಅಂಗಡಿ ಸಾಮಾನು ಒಳಗೆ ಬರೋಕೆ ಮುಂಚೆ ಒಂದೊಂದನ್ನೂ ಒರೆಸಬೇಕಿತ್ತು, ಅದೂ ಕೊರೋನಾ ಬರೋದಕ್ಕೆ ಎಷ್ಟೋ ವರ್ಷ ಮೊದಲೇ.

ಮನೆಯವರೆಲ್ಲ ಇದಕ್ಕೆ ಹೊಂದಿಕೊಂಡುಬಿಟ್ಟಿದ್ದರು. ಅಣ್ಣ ತೋಟದಿಂದ ಬಂದರೆ ಹಿತ್ತಲ ಬಾಗಿಲಿಂದಲೇ ಒಳಗೆ ಬರಬೇಕು, ಚಪ್ಪಲಿ ಇಂಥ ಕಲ್ಲಿನ ಮೇಲೇ ಬಿಡಬೇಕು. ಮಗಳು ಶಾಲೆ ಚೀಲವನ್ನು ಜಗಲಿ ದಾಟಿಸುವ ಹಾಗಿಲ್ಲ. "ನಾನು ಆ ಚೊಂಬು ಮುಟ್ಟಿದ್ನಾ?" ಅಂತ ಕೇಳಿದರೆ "ಇಲ್ಲಮ್ಮಾ, ಮುಟ್ಟಿಲ್ಲ" ಅನ್ನಬೇಕು. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಪ್ರೀತಿಯಿಂದಲೇ ಮಾಡುತ್ತಿದ್ದರು, ಜಗಳ ಬೇಡ ಅಂತಲೂ ಮಾಡುತ್ತಿದ್ದರು. ಆದರೆ ಒಂದೊಂದು ಸಲ "ಮುಟ್ಟಿಲ್ಲ" ಅಂದಾಗಲೂ ಅವರಿಗೆ ಒಂದು ಕ್ಷಣದ ನಿರಾಳ ಸಿಗುತ್ತಿತ್ತು, ಆ ನಿರಾಳವನ್ನೇ ಮೆದುಳು ಬಹುಮಾನ ಅಂತ ತಗೊಳ್ಳುತ್ತೆ, ಮುಂದಿನ ಸಲ ಭಯ ಬಂದ ಕೂಡಲೇ ಅದೇ ಬಹುಮಾನ ಬೇಡುತ್ತೆ. ಗೀಳು ಬೆಳೆಯುವ ದಾರಿ ಇದು.

ಇದಕ್ಕೆ ಇರುವ ಮಾತಿನ ಚಿಕಿತ್ಸೆಯ ಮೂಲ 1966ರಷ್ಟು ಹಳೆಯದು. ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞ ಇಬ್ಬರು ರೋಗಿಗಳನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು, ಅವರು ಯಾವುದಕ್ಕೆ ಹೆದರುತ್ತಿದ್ದರೋ ಅದಕ್ಕೇ ಅವರನ್ನು ಒಡ್ಡಿ, ಆಮೇಲೆ ತೊಳೆಯುವ, ಮತ್ತೆ ಮತ್ತೆ ಮಾಡುವ ಆಚರಣೆಗೆ ಅವಕಾಶ ಕೊಡದ ಹಾಗೆ ನರ್ಸ್‌ಗಳನ್ನು ಕಾವಲಿಗೆ ಇಟ್ಟ. ಕೇಳೋಕೆ ಕ್ರೂರ ಅನ್ನಿಸುತ್ತೆ, ಅಲ್ವಾ? ಇಬ್ಬರೂ ಸುಧಾರಿಸಿದರು. ಇವತ್ತು ಅದೇ ಕೆಲಸವನ್ನು ರೋಗಿಯ ಒಪ್ಪಿಗೆ ಪಡೆದು, ಸಣ್ಣ ಭಯದಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿಸುತ್ತಾರೆ. ಇದಕ್ಕೆ ಇಆರ್‌ಪಿ (ಭಯಕ್ಕೆ ಒಡ್ಡಿ, ಆಚರಣೆ ತಡೆಯೋದು) ಅನ್ನುತ್ತಾರೆ. ಸಿಬಿಟಿ (ಯೋಚನೆ ಮತ್ತು ವರ್ತನೆಯ ಚಿಕಿತ್ಸೆ) ಕುಟುಂಬದ್ದೇ ಒಂದು ಚಿಕಿತ್ಸೆ. ಸಿಬಿಟಿ ಅಂದರೆ 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಖಿನ್ನತೆಗೆ ಅಂತ ರೂಪಿಸಿದ, ತಲೆಯಲ್ಲಿ ಓಡುವ ಯೋಚನೆಗಳನ್ನು ಹಿಡಿದು ಪರೀಕ್ಷೆ ಮಾಡುವ ಚಿಕಿತ್ಸೆ ಅಂತ ಬಹಳ ಜನಕ್ಕೆ ಗೊತ್ತು. ಗೀಳಿನಲ್ಲಿ ಬರೀ ಯೋಚನೆಯ ಜೊತೆ ವಾದ ಮಾಡಿದರೆ ಸಾಲದು. ಅತ್ತಿಗೆಗೆ ನೀರು ಮೈಲಿಗೆ ಆಗಿಲ್ಲ ಅಂತ ಬುದ್ಧಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕೈ ತೊಳೆಯುತ್ತಿದ್ದರು.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅವರಿಗೆ ಮಾತ್ರೆಯ ಜೊತೆಗೆ ಈ ಚಿಕಿತ್ಸೆ ಆಯಿತು. ಚೆನ್ನಾಗಿ ಆಯಿತು. ಬಾಗಿಲ ಹಿಡಿ ಮುಟ್ಟಿದರು, ನೆಲ ಮುಟ್ಟಿದರು, ಮುಟ್ಟಿದ ಕೈಯಲ್ಲೇ ಇಡ್ಲಿ ತಿಂದರು. ಅಣ್ಣ ಫೋನಿನಲ್ಲಿ ಹೇಳುವಾಗ ಗಂಟಲು ಕಟ್ಟಿತ್ತು. ಊರಿಗೆ ಬಂದರು. ಕೆಲವೇ ವಾರಗಳಲ್ಲಿ ಹಂಡೆ ನೀರು ಮತ್ತೆ ಖಾಲಿಯಾಗತೊಡಗಿತು.

ಮನೆಯಲ್ಲಿ ಎಲ್ಲರೂ ಒಂದೊಂದು ಕಾರಣ ಹುಡುಕಿದರು. ಮಾತ್ರೆ ತಪ್ಪಿಸಿರಬೇಕು, ಮನಸ್ಸು ಗಟ್ಟಿ ಇಲ್ಲ, ದೃಷ್ಟಿ ಆಗಿದೆ, ಆ ಚಿಕಿತ್ಸೆಯೇ ಸುಳ್ಳು. ನಿಜವಾದ ಕಾರಣ ಇವ್ಯಾವೂ ಅಲ್ಲ, ಮತ್ತು ನಾನು ಈ ಪತ್ರ ಬರೆಯುತ್ತಿರೋದೇ ಅದನ್ನು ಹೇಳೋಕೆ.

ಪಾವ್ಲೋವ್‌ನ ನಾಯಿ ನಮಗೆಲ್ಲ ಶಾಲೆಯಿಂದಲೇ ಪರಿಚಯ. ಸದ್ದು ಕೇಳಿಸಿ ಊಟ ಕೊಟ್ಟು ಕೊಟ್ಟು, ಕೊನೆಗೆ ಸದ್ದಿಗೇ ಜೊಲ್ಲು ಸುರಿಸಿದ ನಾಯಿ. ಅದರ ಮುಂದಿನ ಭಾಗವನ್ನು ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಊಟ ಕೊಡದೆ ಬರೀ ಸದ್ದು ಕೇಳಿಸುತ್ತಾ ಹೋದರೆ ಜೊಲ್ಲು ನಿಲ್ಲುತ್ತೆ. ಆದರೆ ನಾಯಿಗೆ ಸ್ವಲ್ಪ ಬಿಡುವು ಕೊಟ್ಟು ಮತ್ತೆ ಸದ್ದು ಮಾಡಿದರೆ ಜೊಲ್ಲು ವಾಪಸ್ ಬರುತ್ತೆ! ಅಂದರೆ ಹಳೇ ಪಾಠ ಅಳಿಸಿ ಹೋಗಿರಲಿಲ್ಲ, ಒಳಗೇ ಇತ್ತು. ಪಾವ್ಲೋವ್ ಇದನ್ನು ಗಮನಿಸಿ ಬರೆದಿಟ್ಟಿದ್ದ.

ಇದನ್ನು ಇನ್ನಷ್ಟು ಆಳಕ್ಕೆ ಒಯ್ದವರು ಅಮೆರಿಕದ ಮಾರ್ಕ್ ಬೌಟನ್. 1970ರ ದಶಕದ ಕೊನೆಯಿಂದ ಇಲಿಗಳ ಮೇಲೆ ಇದೇ ಕೆಲಸ. ಒಂದು ಪೆಟ್ಟಿಗೆಯಲ್ಲಿ ಇಲಿಗೆ ಒಂದು ಸೂಚನೆ, ಉದಾಹರಣೆಗೆ ಸದ್ದು, ಅದರ ಹಿಂದೆಯೇ ಸಣ್ಣ ಶಾಕ್. ಇಲಿ ಸದ್ದಿಗೇ ಹೆದರೋದನ್ನು ಕಲಿಯುತ್ತೆ. ಆಮೇಲೆ ಅದನ್ನು ಬೇರೆ ಪೆಟ್ಟಿಗೆಗೆ ಹಾಕುತ್ತಾರೆ, ವಾಸನೆ ಬೇರೆ, ಗೋಡೆ ಬೇರೆ. ಅಲ್ಲಿ ಬರೀ ಸದ್ದು, ಶಾಕ್ ಇಲ್ಲ. ನಿಧಾನಕ್ಕೆ ಭಯ ಹೋಗುತ್ತೆ. ಪೂರ್ತಿ ವಾಸಿಯಾಯಿತು ಅನ್ನುವ ಹಾಗೆ ಇಲಿ ಆರಾಮಾಗಿ ಓಡಾಡುತ್ತೆ. ಈಗ ಅದನ್ನು ವಾಪಸ್ ಮೊದಲ ಪೆಟ್ಟಿಗೆಗೆ ಹಾಕಿ ಸದ್ದು ಮಾಡಿದರೆ ಭಯ ಮತ್ತೆ ಬರುತ್ತೆ.

ಇದನ್ನು ಓದಿದಾಗ ನನಗೆ ಬೆಂಗಳೂರು ಎರಡನೇ ಪೆಟ್ಟಿಗೆ, ಮಲೆನಾಡಿನ ಬಚ್ಚಲು ಮೊದಲನೇ ಪೆಟ್ಟಿಗೆ ಅಂತ ಕಂಡಿತು. ಅತ್ತಿಗೆ ಧೈರ್ಯ ಕಲಿತದ್ದು ಟೈಲ್ಸ್ ಹಾಕಿದ ವಾರ್ಡಿನಲ್ಲಿ, ಬಿಳಿ ಕೋಟಿನವರ ಎದುರಲ್ಲಿ, ಫಿನಾಯಿಲ್ ವಾಸನೆಯಲ್ಲಿ. ಹೆದರಿಕೆ ಕಲಿತದ್ದು ಹಂಡೆ ಒಲೆ, ತುಳಸಿಕಟ್ಟೆ, ದೇವರ ಕೋಣೆ, ಅತ್ತೆಯ ಕಣ್ಣು ಇರುವ ಜಾಗದಲ್ಲಿ. ಚಿಕಿತ್ಸೆಯಿಂದ ಹಳೇ ಭಯ ಅಳಿಯೋದಿಲ್ಲ, ಅದರ ಪಕ್ಕದಲ್ಲಿ ಹೊಸದೊಂದು ಪಾಠ ಬರೆಯಲ್ಪಡುತ್ತೆ, ಎರಡರಲ್ಲಿ ಯಾವುದು ಮೇಲೆ ಬರುತ್ತೆ ಅನ್ನೋದನ್ನು ಬಹುಮಟ್ಟಿಗೆ ಜಾಗ ತೀರ್ಮಾನ ಮಾಡುತ್ತೆ. ಭಯದ ಪಾಠಕ್ಕೆ ಜಾಗದ ಹಂಗು ಕಡಿಮೆ, ಎಲ್ಲಿಗೆ ಹೋದರೂ ಜೊತೆಗೇ ಬರುತ್ತೆ. ಧೈರ್ಯದ ಪಾಠಕ್ಕೆ ಅದು ಜಾಸ್ತಿ. ಅನ್ಯಾಯ ಅನ್ನಿಸಿದರೂ ಮೆದುಳು ಇರೋದೇ ಹಾಗೆ, ಹುಲಿ ಒಂದು ಕಡೆ ಕಾಣಿಸಿದರೆ ಎಲ್ಲಾ ಕಡೆ ಎಚ್ಚರ ಇರೋದು ಒಳ್ಳೇದು ತಾನೇ.

ಮೆದುಳಿನ ಒಳಗೆ ಇದು ನಡೆಯುವ ಜಾಗಗಳೂ ಈಗ ಸಾಕಷ್ಟು ಗೊತ್ತು. ಕಿವಿಯ ನೇರಕ್ಕೆ ಒಳಗಡೆ ಬಾದಾಮಿ ಗಾತ್ರದ ಅಮಿಗ್ಡಲಾ ಅಂತ ಒಂದು ಭಾಗ ಇದೆ, ಅಪಾಯವನ್ನು ಕಲಿಯೋದರಲ್ಲಿ ಅದರ ಪಾತ್ರ ದೊಡ್ಡದು. ನ್ಯೂಯಾರ್ಕಿನ ಜೋಸೆಫ್ ಲೆಡೂ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಹಿಪೊಕ್ಯಾಂಪಸ್ ಅನ್ನೋದು ನಾನು ಈಗ ಎಲ್ಲಿದ್ದೇನೆ ಅನ್ನುವ ಮಾಹಿತಿ ಕೊಡುತ್ತೆ. ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಒಂದು ಭಾಗ ಅಮಿಗ್ಡಲಾಗೆ ಸುಮ್ನಿರು ಅಂತ ಹೇಳುತ್ತೆ. 2002ರಲ್ಲಿ ಪೋರ್ಟೊರಿಕೊದಲ್ಲಿ ಮೊಹಮ್ಮದ್ ಮಿಲಾದ್, ಗ್ರೆಗರಿ ಕ್ವಿರ್ಕ್ ಇಬ್ಬರೂ ಸೇರಿ ಇಲಿಯ ಈ ಭಾಗದ ನರಕೋಶಗಳಿಗೆ ಎಳೆಯಷ್ಟು ತೆಳ್ಳಗಿನ ತಂತಿ ಇಟ್ಟು ನೋಡಿದರು. ಭಯ ಹೋಗಲಾಡಿಸಿದ ಮಾರನೇ ದಿನ ಸದ್ದು ಕೇಳಿಸಿದಾಗ ಯಾವ ಇಲಿಯಲ್ಲಿ ಈ ನರಕೋಶಗಳು ಜೋರಾಗಿ ಮಿಡಿದವೋ ಆ ಇಲಿ ಕಡಿಮೆ ಹೆದರಿತ್ತು. ಅಂದರೆ ಧೈರ್ಯದ ನೆನಪಿಗೂ ಮೆದುಳಿನಲ್ಲಿ ಒಂದು ಜಾಗ ಇದೆ, ಅದು ಬರೀ ಭಯ ಇಲ್ಲದಿರೋದು ಅಲ್ಲ. ಕಾಲೇಜಿನಲ್ಲಿ ಇದ್ದಾಗಲೇ ನನಗೆ ಇದು ಗೊತ್ತಿದ್ದಿದ್ದರೆ ಮಕ್ಕಳಿಗೆ ನರಮಂಡಲದ ಪಾಠ ಇನ್ನೂ ಚೆನ್ನಾಗಿ ಮಾಡಬಹುದಿತ್ತು. ಇರಲಿ.

ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಯಿತು? ಸಾಕಷ್ಟು. ಕ್ಯಾಲಿಫೋರ್ನಿಯಾದ ಮಿಶೆಲ್ ಕ್ರಾಸ್ಕ್ ಮತ್ತು ಜೊತೆಗಾರರು 2014ರಲ್ಲಿ ಬರೆದ ಒಂದು ಪ್ರಬಂಧ ಇದೆ, ಥೆರಪಿಸ್ಟ್‌ಗಳ ನಡುವೆ ಬಹಳ ಓಡಾಡಿದ್ದು. ಮೊದಲು ಏನು ಮಾಡುತ್ತಿದ್ದರು ಅಂದರೆ, ಭಯ ಹತ್ತರಲ್ಲಿ ಎಂಟು ಇದ್ದದ್ದು ಮೂರಕ್ಕೆ ಇಳಿಯುವ ತನಕ ಕೂರಿಸೋದು, ಇಳಿದರೆ ಆ ದಿನದ ಕೆಲಸ ಮುಗಿದ ಹಾಗೆ. ಕ್ರಾಸ್ಕ್ ಅವರ ವಾದ: ಆ ಹೊತ್ತಿಗೆ ಭಯ ಎಷ್ಟು ಇಳಿಯಿತು ಅನ್ನೋದರಿಂದ ಮುಂದೆ ಎಷ್ಟು ಗುಣ ಆಗುತ್ತೆ ಅಂತ ಹೇಳೋಕಾಗಲ್ಲ. ಮುಖ್ಯವಾದದ್ದು ಅಚ್ಚರಿ. "ಈ ಚೊಂಬು ಮುಟ್ಟಿ ಕೈ ತೊಳೆಯದೆ ದೇವರ ಕೋಣೆಗೆ ಹೋದರೆ ಮಗಳಿಗೆ ಜ್ವರ ಬರುತ್ತೆ" ಅಂತ ರೋಗಿ ಮೊದಲೇ ಹೇಳಬೇಕು, ಬೇಕಾದರೆ ಬರೆದಿಡಬೇಕು. ಆಮೇಲೆ ಮಾಡಬೇಕು. ಆಮೇಲೆ ಏನಾಯಿತು ನೋಡಬೇಕು. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಅಂತರ ಎಷ್ಟು ದೊಡ್ಡದೋ ಪಾಠ ಅಷ್ಟು ಗಟ್ಟಿ. ಇನ್ನೊಂದು, ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಜನರ ಎದುರು ಮಾಡಬೇಕು. ಮತ್ತೊಂದು, ಆಸರೆಗೆ ಇರುವ ವಸ್ತುಗಳನ್ನು, ಜನರನ್ನು ನಿಧಾನಕ್ಕೆ ತೆಗೆಯಬೇಕು. ಪಕ್ಕದಲ್ಲಿ ಅಣ್ಣ ಇದ್ದರೆ ಮಾತ್ರ ಧೈರ್ಯ ಅಂತಾದರೆ ಅದು ಅಣ್ಣನ ಧೈರ್ಯ, ಅತ್ತಿಗೆಯದ್ದಲ್ಲ.

ಎರಡನೇ ಸಲ ನಮಗೆ ಸಿಕ್ಕ ಥೆರಪಿಸ್ಟ್ ಹುಡುಗಿ ಇದನ್ನೆಲ್ಲ ಓದಿಕೊಂಡಿದ್ದವಳು. ಅವಳು ಮೊದಲು ಕೇಳಿದ್ದೇ "ಮನೆ ನೋಡಬಹುದಾ?" ಅಂತ. ಬಂದಳು, ಜಗಲಿಯಲ್ಲಿ ಕೂತು ಕಾಫಿ ಕುಡಿದಳು, ಅಣ್ಣ, ಅಮ್ಮ, ಮಗಳು ಎಲ್ಲರನ್ನೂ ಕೂರಿಸಿಕೊಂಡು ಇನ್ನು ಮೇಲೆ "ಮುಟ್ಟಿಲ್ಲ" ಅನ್ನುವ ಉತ್ತರ ಕೊಡಬೇಡಿ ಅಂದಳು. ಬೈಯಬೇಡಿ, ಅಣಕಿಸಬೇಡಿ, "ಈ ಪ್ರಶ್ನೆಗೆ ನಾನು ಉತ್ತರ ಹೇಳಲ್ಲ ಅಂತ ಮಾತಾಗಿದೆ ಅಲ್ವಾ" ಅನ್ನಿ ಅಷ್ಟೇ ಅಂದಳು. ಬಚ್ಚಲಲ್ಲಿ, ಹಿತ್ತಲಲ್ಲಿ, ಕೊನೆಗೆ ಹಬ್ಬದ ದಿನ ನೆಂಟರ ನಡುವೆ ಅಭ್ಯಾಸ ನಡೆಯಿತು. ಅವಳು ಬರೋಕಾಗದ ವಾರ ಮಗಳು ಮೊಬೈಲು ಹಿಡಿದು ವಿಡಿಯೊ ಕಾಲ್‌ನಲ್ಲಿ ಬಚ್ಚಲು ತೋರಿಸುತ್ತಿದ್ದಳು. ನಮ್ಮಮ್ಮನಿಗೆ ದೇವರ ಕೋಣೆಯ ವಿಷಯ ಸುಲಭಕ್ಕೆ ಒಪ್ಪಿಗೆ ಆಗಲಿಲ್ಲ, ಅಲ್ಲಿ ಒಂದಷ್ಟು ಜಗ್ಗಾಟ ನಡೆಯಿತು. ಮನೆಯ ಉಳಿದ ಹೆಂಗಸರು ಎಷ್ಟು ಮಡಿ ಮಾಡುತ್ತಾರೋ ಅಷ್ಟು ಮಡಿ ಅತ್ತಿಗೆಯೂ ಮಾಡಲಿ, ಅದಕ್ಕಿಂತ ಒಂದು ಚೊಂಬು ನೀರೂ ಜಾಸ್ತಿ ಬೇಡ ಅನ್ನುವ ಒಪ್ಪಂದಕ್ಕೆ ಬಂದರು. ಆ ಹುಡುಗಿಯ ಜಾಣತನ ಅದು, ಯಾವ ಪ್ರಬಂಧದಲ್ಲೂ ನಾನು ಓದಿರಲಿಲ್ಲ.

ಅತ್ತಿಗೆ ಪೂರ್ತಿ ವಾಸಿಯಾಗಿದ್ದಾರೆ ಅಂತ ನಾನು ಹೇಳೋದಿಲ್ಲ. ಮಾತ್ರೆ ಮುಂದುವರಿದಿದೆ, ಡಾಕ್ಟರು ಹೇಳದೆ ಅದನ್ನು ಯಾರೂ ನಿಲ್ಲಿಸಬಾರದು ಕೂಡ. ಮಳೆಗಾಲದಲ್ಲಿ, ಕೆಸರು ಜಾಸ್ತಿ ಆದಾಗ, ಕೆಟ್ಟ ದಿನಗಳು ಬರುತ್ತವೆ. ಬಂದಾಗ ಏನು ಮಾಡಬೇಕು ಅಂತ ಈಗ ಅವರಿಗೇ ಗೊತ್ತು.

ಈಗ ಬಣ್ಣದ ಚಿತ್ರಗಳ ವಿಷಯಕ್ಕೆ ಬರುತ್ತೇನೆ. ಅವೆಲ್ಲ ಬೊಗಳೆ ಅಂತ ನಾನು ಹೇಳುತ್ತಿಲ್ಲ. 1992ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ತಂಡ ಗೀಳು ರೋಗಿಗಳನ್ನು ಪೆಟ್ ಸ್ಕ್ಯಾನ್ ಮಾಡಿ ನೋಡಿತ್ತು. ಕೆಲವರಿಗೆ ಫ್ಲೂಆಕ್ಸೆಟಿನ್ ಮಾತ್ರೆ, ಕೆಲವರಿಗೆ ಬರೀ ವರ್ತನೆ ಚಿಕಿತ್ಸೆ. ಗುಣವಾದವರಲ್ಲಿ, ಅದು ಮಾತ್ರೆಯಿಂದಾಗಲಿ ಅಭ್ಯಾಸದಿಂದಾಗಲಿ, ಮೆದುಳಿನ ಆಳದ ಕಾಡೇಟ್ ಅನ್ನುವ ಭಾಗ ಸಕ್ಕರೆ ಬಳಸುವ ವೇಗ ಕಡಿಮೆಯಾಗಿತ್ತು. ಇದು ದೊಡ್ಡ ಸುದ್ದಿಯೇ. ಮಾತಿನ ಚಿಕಿತ್ಸೆ ಅಂದರೆ ಸುಮ್ನೆ ಸಮಾಧಾನ ಹೇಳೋದು ಅಂತ ಮೂಗು ಮುರಿಯುವವರಿಗೆ ಅದೊಂದು ಉತ್ತರ. ಆದರೆ ಆ ಅಧ್ಯಯನದಲ್ಲಿ ಒಂದೊಂದು ಗುಂಪಿನಲ್ಲಿ ಇದ್ದವರು 9 ಮಂದಿ. ಗುಂಪಿನ ಸರಾಸರಿಯಲ್ಲಿ ಕಂಡ ಬದಲಾವಣೆ ನಿಮ್ಮ ಎದುರು ಕೂತ ಒಬ್ಬ ರೋಗಿಗೆ ಏನು ಮಾಡಬೇಕು ಅಂತ ಹೇಳೋದಿಲ್ಲ.

ಚಿತ್ರ ತೆಗೆಯೋದರಲ್ಲೂ ಎಡವೋದು ಸುಲಭ. ಎಫ್‌ಎಂಆರ್‌ಐ ಅನ್ನುವ ಮೆದುಳಿನ ಸ್ಕ್ಯಾನ್ ಯೋಚನೆಯ ಫೋಟೊ ತೆಗೆಯೋದಿಲ್ಲ. ರಕ್ತದಲ್ಲಿನ ಆಮ್ಲಜನಕ ಎಲ್ಲಿ ಹೆಚ್ಚುಕಮ್ಮಿ ಆಯಿತು ಅಂತ ನೋಡುತ್ತೆ, ಆಮೇಲೆ ಸಾವಿರಾರು ಚುಕ್ಕೆಗಳ ಲೆಕ್ಕ ಹಾಕಿ ಕಂಪ್ಯೂಟರು ಬಣ್ಣ ಬಳಿಯುತ್ತೆ. ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸ್ನೇಹಿತರು 2009ರಲ್ಲಿ ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಅದಕ್ಕೆ ಮನುಷ್ಯರ ಫೋಟೊ ತೋರಿಸಿ ಇವರಿಗೆ ಏನನ್ನಿಸುತ್ತಿದೆ ಹೇಳು ಅಂದರು. ಲೆಕ್ಕದಲ್ಲಿ ತೆಗೆದುಕೊಳ್ಳಬೇಕಾದ ಎಚ್ಚರಿಕೆ ತೆಗೆದುಕೊಳ್ಳದಿದ್ದರೆ ಮೀನಿನ ಮೆದುಳಲ್ಲೂ ಬಣ್ಣದ ಚುಕ್ಕೆ ಕಂಡಿತು! ಎಚ್ಚರಿಕೆ ತಗೊಂಡ ಕೂಡಲೇ ಮಾಯ. 2012ರಲ್ಲಿ ಅವರಿಗೆ ಇಗ್ ನೊಬೆಲ್ ಅಂತ ತಮಾಷೆಯ ಬಹುಮಾನವೂ ಬಂತು. ತಮಾಷೆ ಇದ್ದರೂ ಮಾತು ಗಂಭೀರ.

ವಿಜ್ಞಾನಿಗಳು ಇಷ್ಟು ಎಚ್ಚರದಲ್ಲಿ ಇರುವಾಗ ನಮ್ಮ ಊರುಗಳಲ್ಲಿ ಏನಾಗುತ್ತಿದೆ? ನಮ್ಮ ಹತ್ತಿರದ ಪಟ್ಟಣದಲ್ಲಿ ಒಂದು ಕೇಂದ್ರ ಇದೆ. ಹೆಸರಿನಲ್ಲಿ ನ್ಯೂರೋ ಅಂತ ಇದೆ. ತಲೆಗೆ ತಂತಿಗಳ ಟೋಪಿ ಹಾಕಿ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ, ತೆಗೆದು, ಬ್ರೇನ್ ಮ್ಯಾಪಿಂಗ್ ಅಂತ ಬಣ್ಣದ ಕಾಗದ ಕೊಡುತ್ತಾರೆ. ಇಲ್ಲಿ ಕೆಂಪಿದೆ, ಇದೇ ನಿಮ್ಮ ಗೀಳು, ಇಷ್ಟು ಸಿಟ್ಟಿಂಗಿನ ಪ್ಯಾಕೇಜ್ ತಗೊಳ್ಳಿ ಅನ್ನುತ್ತಾರೆ. ಅತ್ತಿಗೆಯನ್ನೂ ಅಲ್ಲಿಗೆ ಒಂದು ಸಲ ಕರ್ಕೊಂಡು ಹೋಗಿದ್ದರು. ಇಇಜಿ ಮೂರ್ಛೆ ರೋಗಕ್ಕೆ ಬಹಳ ಉಪಯೋಗದ ಪರೀಕ್ಷೆ. ಗೀಳು ಇದೆಯೋ ಇಲ್ಲವೋ ಅಂತ ಅದರಲ್ಲಿ ಹೇಳೋಕಾಗಲ್ಲ. ಬಡವರು, ಅಡಿಕೆ ರೇಟು ಬಿದ್ದ ವರ್ಷ ಸಾಲ ಮಾಡಿಕೊಂಡವರು, ಮಗಳ ಮದುವೆಗೆ ಇಟ್ಟ ದುಡ್ಡಿನಿಂದ ಈ ಬಣ್ಣದ ಕಾಗದ ಕೊಂಡುಕೊಳ್ಳುತ್ತಾರೆ, ನಿಜವಾದ ಚಿಕಿತ್ಸೆಯ ಹೊತ್ತಿಗೆ ಕೈ ಖಾಲಿ. ಇಂಥ ಕೇಂದ್ರಗಳಿಗೆ ಪುಕ್ಕಟೆ ಜಾಹೀರಾತು ಸಿಗೋದು ನಿಮ್ಮ ಅರ್ಧ ಪುಟದ ಚಿತ್ರದಿಂದ. ಕಟುವಾಯಿತು, ಆದರೂ ಹೇಳಬೇಕಿತ್ತು.

ಮೆದುಳಿನ ತಿಳಿವಳಿಕೆಯನ್ನು ನೇರವಾಗಿ ಮಾತ್ರೆಯಾಗಿ ಮಾಡುವ ಪ್ರಯತ್ನವೂ ನಡೆದಿದೆ, ಅದು ಓದೋಕೆ ಬಹಳ ಸ್ವಾರಸ್ಯವಾಗಿದೆ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ನಮ್ಮಲ್ಲಿ ಕೊಡುವ ಸೈಕ್ಲೋಸೆರಿನ್ ಇದೆಯಲ್ಲ, ಅದು ಮೆದುಳಿನಲ್ಲಿ ಕಲಿಕೆಗೆ ಬೇಕಾದ ಒಂದು ಗ್ರಾಹಕದ (ರಿಸೆಪ್ಟರ್) ಮೇಲೂ ಕೆಲಸ ಮಾಡುತ್ತೆ. ಇಲಿಗಳಲ್ಲಿ ಭಯ ಬೇಗ ಹೋಗೋಕೆ ಸಹಾಯ ಮಾಡಿತ್ತು. 2004ರಲ್ಲಿ ಅಟ್ಲಾಂಟಾದಲ್ಲಿ ಕೆರಿ ರೆಸ್ಲರ್ ತಂಡ ಎತ್ತರಕ್ಕೆ ಹೆದರುವ 28 ಮಂದಿಗೆ ವರ್ಚುವಲ್ ರಿಯಾಲಿಟಿಯ ಗಾಜಿನ ಲಿಫ್ಟ್ ಹತ್ತಿಸುವ ಮುಂಚೆ ಕೆಲವರಿಗೆ ಈ ಮಾತ್ರೆ ಕೊಟ್ಟಿತು. ಮಾತ್ರೆ ತಗೊಂಡವರಿಗೆ ಉಳಿದವರಿಗಿಂತ ಭಯ ಹೆಚ್ಚು ಇಳಿಯಿತು. ಎಲ್ಲರೂ ಕುಣಿದಾಡಿದರು. ಆಮೇಲೆ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಲಾಭ ಸಣ್ಣದು ಅಂತಾಯಿತು. ಯಾರೂ ಮೋಸ ಮಾಡಿರಲಿಲ್ಲ. ಮನುಷ್ಯರಲ್ಲಿ ಹಾಗೇ ಆಗುತ್ತೆ.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯನ್ನು 2002ರಿಂದ 2015ರವರೆಗೆ ನಡೆಸಿದ ಥಾಮಸ್ ಇನ್ಸೆಲ್, ಮೆದುಳು ವಿಜ್ಞಾನ ಮತ್ತು ತಳಿ ವಿಜ್ಞಾನಕ್ಕೆ ಅತಿ ಹೆಚ್ಚು ಒತ್ತು ಕೊಟ್ಟವರು, ಹುದ್ದೆ ಬಿಟ್ಟ ಮೇಲೆ ಒಂದು ಮಾತು ಹೇಳಿದರು. ಸುಮಾರು 2,000 ಕೋಟಿ ಡಾಲರ್ ಖರ್ಚಾಯಿತು, ಒಳ್ಳೊಳ್ಳೆ ಪ್ರಬಂಧ ಬಂದವು, ಆದರೆ ಆತ್ಮಹತ್ಯೆ ಕಡಿಮೆಯಾಗಲಿಲ್ಲ, ಆಸ್ಪತ್ರೆಗೆ ಸೇರುವವರೂ ಕಡಿಮೆಯಾಗಲಿಲ್ಲ ಅನ್ನುವ ಅರ್ಥದ ಮಾತು. ಅಷ್ಟು ದುಡ್ಡಿದ್ದ ದೇಶದ ಕಥೆ ಇದಾದರೆ ನಾವು ಎಲ್ಲಿ ಖರ್ಚು ಮಾಡಬೇಕು ಅಂತ ಎರಡು ಸಲ ಯೋಚನೆ ಮಾಡಬೇಕು.

ನಮ್ಮಲ್ಲಿನ ಪರಿಸ್ಥಿತಿ ನೋಡಿ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಯಿಂದ ಕಾಯಿಲೆಗೆ ಲೆಕ್ಕ ಬೇರೆ, ಆದರೆ ಚಿಕಿತ್ಸೆ ಸಿಗದವರು ಶೇ 70ರಿಂದ 92ರಷ್ಟು. ಸಿಕ್ಕವರಿಗೂ ಸಿಗೋದು ಬಹಳ ಸಲ ಮಾತ್ರೆ ಚೀಟಿ ಮಾತ್ರ.

ಕರ್ನಾಟಕದಲ್ಲಿ ದಾರಿ ಇಲ್ಲ ಅಂತಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದೇ ಅದಕ್ಕೂ ಮುಂಚೆ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯ ಮೇಲೆ. ಈಗ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಒಳ್ಳೆಯದೇ. ಆದರೆ ಇಆರ್‌ಪಿ ಒಂದು ಸಲಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ಬೇಡುವ ಕೆಲಸ, ವಾರ ವಾರ ಆಗಬೇಕು, ಅರ್ಧದಷ್ಟಾದರೂ ಮನೆಯಲ್ಲಿ ಆಗಬೇಕು. ಒಬ್ಬ ಮನೋವೈದ್ಯರು ಒಂದು ದಿನದ ಸಾಲಿನಲ್ಲಿ ಇದನ್ನು ಮಾಡೋದು ಸಾಧ್ಯವೇ ಇಲ್ಲ, ಮಾಡಬೇಕು ಅಂತ ಕೇಳೋದೂ ತಪ್ಪು.

ಗೋವಾದಲ್ಲಿ ಸಂಗಾತ್ ಸಂಸ್ಥೆ ಬೇರೆ ದಾರಿ ಹಿಡಿಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಖಿನ್ನತೆ ಗಟ್ಟಿಯಾಗಿ ಹಿಡಿದಿದ್ದ 495 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ಆರೈಕೆ ಜೊತೆ ಆರರಿಂದ ಎಂಟು ಭೇಟಿಯ ಸರಳ ಮಾತಿನ ಚಿಕಿತ್ಸೆ ಕೊಡಿಸಿದರು. ಕೊಟ್ಟವರು ಮನಶ್ಶಾಸ್ತ್ರ ಓದಿದವರಲ್ಲ, ತರಬೇತಿ ಪಡೆದ ಸ್ಥಳೀಯರು. ಮನೆಗೂ ಹೋಗುತ್ತಿದ್ದರು. ಮೂರು ತಿಂಗಳ ಹೊತ್ತಿಗೆ ಆ ಗುಂಪಿನಲ್ಲಿ ಶೇ 64 ಮಂದಿಯ ಖಿನ್ನತೆ ಇಳಿದಿತ್ತು, ಇನ್ನೊಂದರಲ್ಲಿ ಶೇ 39. ಗೀಳು ಖಿನ್ನತೆಗಿಂತ ಹಠಮಾರಿ, ಅದಕ್ಕೆ ಇನ್ನೂ ಹೆಚ್ಚಿನ ತರಬೇತಿ ಬೇಕು, ಮೇಲಿಂದ ಒಬ್ಬ ಅನುಭವಿ ಕ್ಲಿನಿಕಲ್ ಸೈಕಾಲಜಿಸ್ಟ್ ನೋಡಿಕೊಳ್ಳಬೇಕು. ಆದರೂ ಈ ಮಾದರಿ ಇಲ್ಲಿ ಆಗೋದೇ ಇಲ್ಲ ಅನ್ನೋಕೆ ನನಗೆ ಕಾರಣ ಕಾಣೋದಿಲ್ಲ. ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೇ ಪ್ರತ್ಯೇಕ ಕ್ಲಿನಿಕ್ ಇದೆ, ಕಲಿಸುವವರು ನಮ್ಮ ರಾಜ್ಯದಲ್ಲೇ ಇದ್ದಾರೆ.

ಹಾಗಾಗಿ ನಾನು ಕೇಳೋದು ಇಷ್ಟು. ಜಿಲ್ಲಾ ತಂಡದಲ್ಲಿ ಸೈಕಾಲಜಿಸ್ಟ್ ಹುದ್ದೆ ಇದೆ, ಅದನ್ನು ಖಾಲಿ ಬಿಡಬೇಡಿ. ಮನೆ ಭೇಟಿಯನ್ನು ಅವರ ಕೆಲಸದ ಲೆಕ್ಕಕ್ಕೆ ಸೇರಿಸಿ, ಪ್ರಯಾಣ ಭತ್ಯೆ ಕೊಡಿ. ಬೆಂಗಳೂರಿನಲ್ಲಿ ಗುಣವಾಗಿ ಊರಿಗೆ ಹೊರಟ ರೋಗಿಯ ಕೈಗೆ ಮಾತ್ರೆ ಚೀಟಿಯ ಜೊತೆ, ಮನೆಯಲ್ಲಿ ಮುಂದಿನ ಅಭ್ಯಾಸ ಏನು, ಮನೆಯವರು ಏನು ಮಾಡಬಾರದು ಅಂತ ಸರಳ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ಬೇರೆ ಕಾಯಿಲೆಗಳ ಹಾಗೇ ವಿಮೆ ಕೊಡಬೇಕು, ಆದರೆ ಬಹಳಷ್ಟು ಪಾಲಿಸಿಗಳು ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಕೊಡುತ್ತವೆ. ವಾರ್ಡಿನಲ್ಲಿ ಮಲಗಿದರೆ ದುಡ್ಡು, ಮನೆಯ ಬಚ್ಚಲಲ್ಲಿ ಅಭ್ಯಾಸ ಮಾಡಿದರೆ ಇಲ್ಲ. ಇಲಿಗಳನ್ನು ಕೇಳಿದರೂ ಇದು ಉಲ್ಟಾ ಅನ್ನುತ್ತವೆ.

ನಿಮಗೂ ಒಂದು ಕೋರಿಕೆ. ಮುಂದಿನ ಸಲ ಇಂಥ ಲೇಖನ ಹಾಕುವಾಗ ಬಣ್ಣದ ಮೆದುಳಿನ ಜಾಗದಲ್ಲಿ ಸರ್ಕಾರದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ ದೊಡ್ಡದಾಗಿ ಹಾಕಿ: 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಊರಿನಲ್ಲಿ ಇದು ಗೊತ್ತಿರುವವರನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ
ಶಿವಮೊಗ್ಗ ಜಿಲ್ಲೆ